ಸೀದ ಪಾತ್ರೆಗೆ ಹಿತ್ತಲೇ ಯಾಕೆ?

ಕಳೆದ ವಾರ ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲು ಟಕ್ ಟಕ್ ಅಂತು. ಬೆರಳಿನ ಸದ್ದಲ್ಲ. ತೆಗೆದರೆ ಪಕ್ಕದ ಮನೆಯ ಮಾದೇಶ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದರಲ್ಲಿ ಟವೆಲ್ ಸುತ್ತಿದ ಏನೋ ಗುಂಡಗಿನ ವಸ್ತು. ಕೈ ಖಾಲಿ ಇಲ್ಲದ್ದಕ್ಕೆ ಊರುಗೋಲಿನಲ್ಲೇ ಬಾಗಿಲು ತಟ್ಟಿದ್ದ.

"ಅಕ್ಕಾ, ಒಸಿ ಒಳಕ್ಕೆ ಬರ್ಲಾ? ಯಾರ್ಗೂ ಹೇಳ್ಬೇಡಿ," ಅಂದ.

ಏನನ್ನು ಹೇಳಬಾರದು? ಟವೆಲ್ ಬಿಚ್ಚಿದ. ಸ್ಟೀಲ್ ಪಾತ್ರೆ. ಹೊರಗೆ ಪಳಪಳ. ಒಳಗೆ ಬಗ್ಗಿ ನೋಡಿದೆ. ಆಗಷ್ಟೇ ಡಾಂಬರು ಹಾಕಿದ ರೋಡು! ಅದರಲ್ಲಿ ಅಲ್ಲಲ್ಲಿ ಜಲ್ಲಿಯ ಹಾಗೆ ಹುರುಳಿಕಾಳು.

ವಾಸನೆ ನನಗೆ ಆಗಲೇ ಬಂದಿತ್ತು. ಓಡಿಹೋಗಿ ನನ್ನ ಸ್ಟವ್ ನೋಡಿಕೊಂಡು ಬಂದಿದ್ದೆ. (ಸೀದ ವಾಸನೆ ಎಲ್ಲಿಂದಲೇ ಬರಲಿ, ಹೆಂಗಸರು ಮೊದಲು ಅನುಮಾನಿಸುವುದು ತಮ್ಮ ಒಲೆಯನ್ನೇ. ಗಮನಿಸಿದ್ದೀರಾ?)

ಮಾದೇಶನ ಬಗ್ಗೆ ಸ್ವಲ್ಪ ಹೇಳಬೇಕು. ಕನಕಪುರದ ಸುತ್ತಲಿನ ಕ್ವಾರಿಗಳಲ್ಲಿ ಟಿಪ್ಪರ್ ಓಡಿಸುವವನು. ಮಳೆಯಲ್ಲಿ ಗಾಡಿಯಿಂದ ಇಳಿಯುವಾಗ ಕಾಲು ಜಾರಿ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು, ರಾಡ್ ಹಾಕಿದರು. ಸದ್ಯಕ್ಕೆ ಕ್ಲಚ್ ಮೇಲೆ ಕಾಲಿಡಲೇಬೇಡ ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ. ಅವನ ಹೆಂಡತಿ ಸವಿತ ಹಾರೋಹಳ್ಳಿಯ ಒಂದು ಫ್ಯಾಕ್ಟರಿಗೆ ಸೇರಿದಳು. ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆ. ಹಾಗಾಗಿ ಅಡುಗೆ ಮಾದೇಶನ ಪಾಲಿಗೆ ಬಂತು.

ಮದುವೆಯಾಗಿ ಬಹಳ ವರ್ಷವಾಗಿಲ್ಲ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಕ್ಕರೆ. ಮುದ್ದೆ ತೊಳಸುವುದನ್ನು ಅವಳು ಕಲಿಸಿದಳು, ಇವನು ಕಲಿತ. ಕುಕ್ಕರ್ ಮಾತ್ರ ಮುಟ್ಟುವುದಿಲ್ಲ. ಕಲ್ಲು ತುಂಬಿದ ಟಿಪ್ಪರನ್ನು ಇಳಿಜಾರಿನಲ್ಲಿ ಇಳಿಸುವ ಗಂಡಸು ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಾನೆ! ಅದಕ್ಕೇ ಕಾಳು ಬೇಯಿಸುವುದೆಲ್ಲ ಪಾತ್ರೆಯಲ್ಲಿ.

"ಎಂಗಾಯ್ತೋ ಇದು?" ಅಂದೆ.

"ಫೋನಲ್ಲಿದ್ದೆ ಅಕ್ಕಾ, ಮರ್ತೇ ಓಯ್ತು. ಇದು ಅವ್ಳ ತವರುಮನೆಯವ್ರು ಮದ್ವೇಲಿ ಕೊಟ್ಟಿದ್ ಪಾತ್ರೆ. ಬಾತ್‌ರೂಮಲ್ಲಿ ಬಾಗ್ಲಾಕ್ಕೊಂಡು ಉಜ್ಜಿ ಉಜ್ಜಿ ಸಾಕಾಗೋಯ್ತು. ಸ್ಕ್ರೂಡ್ರೈವರ್‌ನಲ್ಲೂ ಕೆರ್ದೆ. ಬತ್ತಾನೇ ಇಲ್ಲ."

ತಳದಲ್ಲಿ ಗೀರು ಕಾಣುತ್ತಿತ್ತು. ಪಾಪ, ಅವನಿಗೆ ಗೊತ್ತಿರುವ ಟೂಲ್ಸ್ ಅವೇ ತಾನೇ?

ಪಾತ್ರೆ ಮುಳುಗುವಷ್ಟು ಅಲ್ಲ, ಕರಿಕು ಮುಳುಗುವಷ್ಟು ನೀರು ಹಾಕಿಸಿದೆ. ಸೋಡಾ ಪುಡಿ, ಒಂದಿಷ್ಟು ಉಪ್ಪು. ಸಣ್ಣ ಉರಿಯಲ್ಲಿಟ್ಟು ಕುದಿಸಲು ಹೇಳಿದೆ. ಅವನಿಗೆ ತಾಳ್ಮೆಯೇ ಇಲ್ಲ. ನೀರು ಬಿಸಿಯಾಗುವ ಮೊದಲೇ ಚಮಚ ಹಾಕಿ ಕೆದಕುತ್ತಾನೆ.

"ಬಿಡೋ, ಅದಾಗಿಯೇ ಬಿಡುತ್ತೆ," ಅಂದೆ.

ಚಮಚ ಕೆಳಗಿಟ್ಟವನು ಒಮ್ಮೆಲೇ ಹೇಳಿಬಿಟ್ಟ. "ಅಕ್ಕಾ, ನಾಳೆಯಿಂದ ಗಾಡಿ ಅತ್ಬುಡ್ತೀನಿ. ಓನರ್‌ಗೇ ಫೋನ್ ಮಾಡಿದ್ದು. ಬಾ ಅಂದ್ರು."

ಊರುಗೋಲಿಲ್ಲದೆ ಬಚ್ಚಲಿಗೆ ಹೋಗಲಾರದವನು ಟಿಪ್ಪರ್ ಹತ್ತುತ್ತಾನಂತೆ!

"ತಲೆ ಕೆಟ್ಟಿದೆಯಾ ನಿನಗೆ? ಸವಿತಂಗೆ ಗೊತ್ತಾ?"

"ಗೊತ್ತಿಲ್ಲ. ಇನ್ನೇನ್ ಮಾಡ್ಲಿ? ಬೆಳಗ್ಗೆ ಮುಂದ್ಗಡೆ ಕೂತ್ಕೊಂಡು ಸೊಪ್ಪು ಬುಡಿಸ್ತಿದ್ದೆ. ನನ್ ಜೊತೆ ಗಾಡಿ ಓಡ್ಸೋನು ಬಂದ. 'ಏನ್ಲಾ ಮಾದೇಶ, ಸೊಪ್ಪು ಬುಡಿಸ್ತಿದ್ದೀಯಾ? ಸೀರೇನೂ ಉಟ್ಕೊಂಬುಡ್ಲಾ' ಅಂದ. ನಕ್ಕೊಂಡೇ ಅಂದ. ಆದ್ರೂ..." ಅಂದವನು ಊರುಗೋಲು ಗೋಡೆಗೆ ಒರಗಿಸಿ, "ನಮ್ಮವ್ವ ಒಂದಿನಾನೂ ಸೀಸ್ನಿಲ್ಲ ಅಕ್ಕಾ. ಸವಿತಾನೂ ಸೀಸ್ನಿಲ್ಲ. ನಂಗೊಂದು ಕಾಳು ಬೇಯ್ಸಕ್ಕಾಗಲ್ಲ. ಇತ್ತ ಗಾಡೀನೂ ಇಲ್ಲ, ಅತ್ತ ಅಡ್ಗೇನೂ ಇಲ್ಲ," ಅಂದ.

ಉಪದೇಶ ಬಾಯಿಗೆ ಬಂತು, ನುಂಗಿಕೊಂಡೆ. ಬೇಜಾರಾದವರಿಗೆ ಉಪದೇಶಕ್ಕಿಂತ ಕೆಲಸ ಒಳ್ಳೆಯದು. ನೀರೊಲೆಯಿಂದ ಬೂದಿ ತಂದುಕೊಟ್ಟೆ, ತೆಂಗಿನ ನಾರು ಕೊಟ್ಟೆ. ಅಷ್ಟರಲ್ಲಿ ಕರಿಕು ಸಡಿಲವಾಗಿ ಹಪ್ಪಳದ ಹಾಗೆ ಎದ್ದಿತ್ತು. ದೊಡ್ಡ ಚೂರೊಂದು ಕೈಗೆ ಬಂದಾಗ ಅವನ ಮುಖ ನೋಡಬೇಕಿತ್ತು!

"ಬಂತು ಅಕ್ಕಾ!"

ಮಣೆಯ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿ, ಹಿತ್ತಲಲ್ಲಿ ತಿಕ್ಕಲು ಶುರುಮಾಡಿದ. ತಿಕ್ಕುವುದು, ತೊಳೆಯುವುದು, ಬಿಸಿಲಿಗೆ ಹಿಡಿದು ನೋಡುವುದು, ಮತ್ತೆ ತಿಕ್ಕುವುದು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಂಪನಿ ಬಸ್ಸು ಬಂದದ್ದೂ ತಿಳಿಯಲಿಲ್ಲ.

ಮನೆಗೆ ಬೀಗ ಹಾಕಿದ್ದು ಕಂಡು ಸವಿತ ನೇರ ನಮ್ಮ ಹಿತ್ತಲಿಗೆ ಬಂದಳು. ಹೆಗಲಲ್ಲಿ ಬ್ಯಾಗು, ಮುಖ ಬಾಡಿಹೋಗಿತ್ತು. ಗಂಡನ ಮೊಣಕೈವರೆಗೂ ಬೂದಿ. ತೊಡೆಯ ಮೇಲೆ ತನ್ನ ತವರಿನ ಪಾತ್ರೆ.

ಮಾದೇಶ ತಡವರಿಸಿದ. "ಅದು... ಫೋನಲ್ಲಿದ್ದೆ... ಹೊಸಾದು ತಂದ್ಕೊಡ್ತೀನಿ ಕಣೆ."

ಸವಿತ ಬ್ಯಾಗ್ ಕೆಳಗಿಟ್ಟಳು. ಪಾತ್ರೆ ಇಸಿದುಕೊಂಡು ಒಳಗೆ ನೋಡಿದಳು.

"ಇಷ್ಟೇನಾ? ಇದೇ ಪಾತ್ರೇನ ನಾನ್ ಇದಕ್ಕಿಂತ ಜೋರಾಗಿ ಸೀಸಿದೀನಿ."

"ನೀನಾ? ಯಾವಾಗ?"

"ಮದ್ವೆಯಾದ ವರ್ಸ ನಿಮ್ಮೂರು ಮರಳವಾಡೀಲಿದ್ವಲ್ಲ, ಆವಾಗ. ವಾರಕ್ಕೊಂದಪ ಸೀಸ್ತಿದ್ದೆ. ನಿಮ್ಮವ್ವ ನನ್ನ ಹಿತ್ಲಲ್ಲಿ ಕೂರ್ಸ್ಕೊಂಡು ತಿಕ್ಸೋರು. 'ಅವ್ನು ಬರೋದ್ರೊಳ್ಗೆ ಆಗ್ಬುಡ್ಲಿ ಕಣವ್ವ, ಗಂಡಸ್ರ ಕಣ್ಗೆ ಬೀಳ್ಬಾರ್ದು' ಅನ್ನೋರು. ಅವ್ರು ಸೀಸಿದಾಗ ನಾನ್ ತಿಕ್ಕೊಡ್ತಿದ್ದೆ."

"ನಮ್ಮವ್ವ ಸೀಸ್ತಾಳಾ?" ಮಾದೇಶನಿಗೆ ನಂಬಿಕೆಯೇ ಇಲ್ಲ.

ಸವಿತ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಮರಳವಾಡಿಯಿಂದ ಅವನ ತಾಯಿಯ ದನಿ ಬಂತು. ಮಗ ವಿಷಯ ಕೇಳಿದ್ದೇ ತಡ, ಆ ಕಡೆಯಿಂದ ಬಿದ್ದು ಬಿದ್ದು ನಗು.

"ಅಯ್ ಸುಮ್ಕಿರ್ಲಾ, ಮೆಲ್ಲಗೆ ಮಾತಾಡು. ನಿಮ್ಮಪ್ಪ ಇಲ್ಲೇ ಅವ್ನೆ. ಅವ್ನಿಗೆ ಇವತ್ಗೂ ಗೊತ್ತಿಲ್ಲ!"

ಮೂವರೂ ನಕ್ಕೆವು. ನಗುತ್ತಲೇ ಮಾದೇಶ ಟವೆಲಿನಿಂದ ಕಣ್ಣು ಒರೆಸಿಕೊಂಡ. ಬೂದಿ ಕಣ್ಣಿಗೆ ಹೋಯಿತು ಅಂದ. ಇರಬಹುದು.

ಗಾಡಿ ವಿಷಯವನ್ನು ಅವನೇ ಹೇಳಿದ. ಸವಿತ ಕೂಗಾಡಲಿಲ್ಲ. ಅವನ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. "ಪಾತ್ರೆ ಸೀದ್ರೆ ತಿಕ್ಬೋದು. ಈ ಕಾಲು ಇನ್ನೊಂದಪ ಮುರುದ್ರೆ ಏನ್ ತಿಕ್ತೀರಾ?" ಅಂದಳು. ಅಷ್ಟೇ. ಅವನು ಅಲ್ಲೇ ಕೂತು ಓನರಿಗೆ ಫೋನ್ ಮಾಡಿ, "ಡಾಕ್ಟ್ರು ಹೂಂ ಅಂದ್ಮೇಲೆ ಬತ್ತೀನಿ ಅಣ್ಣ," ಅಂದ.

ನನಗೆ ಅವತ್ತಿನಿಂದ ಒಂದೇ ಯೋಚನೆ. ಆ ಹುಡುಗನಿಗೆ ತಾನು ಕೈಲಾಗದವನು ಅನ್ನಿಸಿದ್ದು ಯಾಕೆ? ಹುಟ್ಟಿದಾಗಿನಿಂದ ಅವನು ಕಂಡದ್ದು ಬರೀ ಬೆಳಗಿಟ್ಟ ಪಾತ್ರೆಗಳನ್ನು. ಅಡುಗೆ ಅಂದರೆ ಹೆಂಗಸರ ಕೈಯಲ್ಲಿ ತಾನಾಗಿಯೇ ಆಗುವ ಸಂಗತಿ ಅಂದುಕೊಂಡಿದ್ದ. ನಾವೂ ಎಷ್ಟು ಚೆನ್ನಾಗಿ ಮುಚ್ಚಿಡುತ್ತೇವೆ! ಕಿಟಕಿ ತೆಗೆದು, ಫ್ಯಾನ್ ಹಾಕಿ, ಊದುಬತ್ತಿ ಹಚ್ಚಿ, ತಳ ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಬಡಿಸುತ್ತೇವೆ. ಬೈಗುಳ ತಪ್ಪಿತು ಅಂತ ಸಮಾಧಾನ. ಅದರಿಂದ ಮುಂದೊಂದು ದಿನ ಒಬ್ಬ ಗಂಡಸಿಗೇ ಅನ್ಯಾಯವಾಗುತ್ತದೆ ಅಂತ ಯಾರಿಗೆ ಹೊಳೆದಿತ್ತು?

ಮಾದೇಶ ಈಗ ಪಾತ್ರೆ ತಿಕ್ಕುವುದು ಮುಂದಿನ ಮೆಟ್ಟಿಲ ಮೇಲೆ ಕೂತು. ಮೊನ್ನೆ, ಸೀರೆಯ ಮಾತಾಡಿದ್ದ ಆ ಸ್ನೇಹಿತ ಮತ್ತೆ ಬಂದಿದ್ದ. ನಾನು ಕಾಂಪೌಂಡಿನಲ್ಲಿ ಬಟ್ಟೆ ಹರವುತ್ತಿದ್ದೆ. (ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು.)

"ಇನ್ನೂ ತಿಕ್ತಾನೇ ಇದ್ದೀಯಲ್ಲೋ?"

"ಹೂಂ ಕಣ್ಲಾ, ಇವತ್ತು ಹಾಲು ತಳ ಹಿಡ್ಸ್‌ಬುಟ್ಟೆ. ಕೂತ್ಕೋ, ಟೀ ಕುಡ್ಕೊಂಡ್ ಹೋಗು."

ಸ್ನೇಹಿತ ಕೂತ. ಟೀ ಕುಡಿದ. ಒಸಿ ಸೀದ ವಾಸನೆ ಇತ್ತೇನೋ, ಆದರೂ ಲೋಟ ಖಾಲಿ ಮಾಡಿದ.

ಇದನ್ನು ಬರೆದು ಮುಗಿಸಿ ನಮ್ಮ ಯಜಮಾನರಿಗೆ ಓದಲು ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಪಾಪದ ಹುಡುಗ ಅಂತ ಮರುಗಿದರು. ಆಮೇಲೆ ಹೆಮ್ಮೆಯಿಂದ ಅಂದರು: "ಏನೇ ಹೇಳು, ನಮ್ಮ ಮನೆಯಲ್ಲಿ ಮಾತ್ರ ಒಂದು ದಿನವೂ ಏನೂ ಸೀದಿಲ್ಲ."

ಈ ಮನುಷ್ಯನಿಗೆ ನಾನೀಗ ಏನು ಹೇಳಲಿ, ನೀವೇ ಹೇಳಿ?