ಜಾಲರಿಯಲ್ಲಿ ಸಿಕ್ಕ ಹಸಿರು ಬಳೆ ಚೂರು

ಎಷ್ಟೋ ವರ್ಷದ ಮೇಲೆ ಮೊನ್ನೆ ಈಜುವ ಪೂಲಿನ ನೀರೆಲ್ಲ ಖಾಲಿ ಮಾಡಿ ತಳದ ಜಾಲರಿ ಬಿಚ್ಚಿದೆ. ಕೂದಲು, ಕೆಸರು. ಅದರೊಳಗೆ ಒಂದು ಹಸಿರು ಬಳೆ ಚೂರು. ಅಲ್ಲೇ ಕೂತುಬಿಟ್ಟೆ...

ಮುಂಬಯಿಯ ಕಾಂದಿವಲಿಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಪೂಲ್ ತೊಳೆಯುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ನಮ್ಮ ಚಾಳಿನ ಪಕ್ಕದ ಖೋಲಿಯ ಅಕ್ಕನೂ ಅಲ್ಲೇ ನೆಲ ಒರೆಸುತ್ತಿದ್ದಳು. ನಮ್ಮ ಯಾದಗಿರಿ ಕಡೆಯವಳು. ಗಂಡ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಹಮಾಲಿ. ಎರಡು ಬಸಿರು ಹೋಗಿದ್ದವು. ಮೂರನೆಯದಕ್ಕೆ ಏಳು ತಿಂಗಳು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಮಲಗಿಯೇ ಇರು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಲಗಿದರೆ ಕೆಲಸ ಹೋಗುತ್ತಿತ್ತು.

ಮಂಗಳವಾರ, ಗುರುವಾರ ಬಿಲ್ಡಿಂಗಿನ ಬಸುರಿಯರಿಗೆ ಪೂಲಿನಲ್ಲಿ ವ್ಯಾಯಾಮದ ಕ್ಲಾಸ್. ಎದೆಮಟ್ಟ ನೀರಲ್ಲಿ ಕಂಬಿ ಹಿಡಿದು ನಡೆಯುತ್ತಿದ್ದರು, ಕಾಲು ಎತ್ತುತ್ತಿದ್ದರು. ಅಕ್ಕ ಒರೆಸುತ್ತಲೇ ಎಲ್ಲ ನೋಡಿಕೊಂಡಿದ್ದಳು.

“ತಮ್ಮಾ, ಸೋಮವಾರ ಪೂಲ್ ಬಂದ್ ಇರ್ತದಲ್ಲ, ಅರ್ಧಾ ತಾಸು ಬಿಡೋ. ಇದನ್ನೂ ಕಳಕೊಂಡ್ರ ನಾ ಉಳಿಯಂಗಿಲ್ಲ.”

ಬಿಟ್ಟೆ. ಸೀರೆ ಕಚ್ಚೆ ಹಾಕಿ ಇಳಿದಳು. ನಾಲ್ಕು ಹೆಜ್ಜೆ ಹಾಕಿ ನಿಂತಳು. “ಹೊಟ್ಟಿ ಹೂವಿನಂಗ ಆತಲ್ಲೋ. ಈ ಮಂದಿ ಸುಮ್ನ ರೊಕ್ಕಾ ಸುರಿಯಂಗಿಲ್ಲ ಬಿಡು.”

ಮೂರು ಸೋಮವಾರ ಇಳಿದಳು. ಕಾಲಿನ ಬಾವು ಕಡಿಮೆಯಾಗಿತ್ತು. ಅಷ್ಟರಲ್ಲಿ ಚಾಳಿನ ಹೆಂಗಸರು ಅವಳಿಗೆ ಸೀಮಂತದ ಕುಬಸ ಮಾಡಿ ಕೈತುಂಬ ಹಸಿರು ಬಳೆ ಇಟ್ಟರು. ನಾಲ್ಕನೆಯ ಸೋಮವಾರ, ಬಳೆ ತೆಗೆದಿಟ್ಟು ಇಳಿ ಎಂದೆ. ಹೆರಿಗೆಯಾಗುವ ತನಕ ಕುಬಸದ ಬಳೆ ತೆಗೆಯಬಾರದು ಎಂದಳು. ಎರಡು ಕಳೆದುಕೊಂಡವಳು, ಹಾಗೇ ಇಳಿಯಲು ಬಿಟ್ಟೆ... ತಿರುಗುವಾಗ ಕೈ ಕಂಬಿಗೆ ಬಡಿದು ಎರಡು ಬಳೆ ಒಡೆದವು. ಅಕ್ಕನ ಮುಖ ಬಿಳಿಚಿತು. ನಾನು ಮುಳುಗಿ ಮುಳುಗಿ ಚೂರು ಆರಿಸಿದೆ. ಎಲ್ಲ ಸಿಕ್ಕಿತು ಅಂದುಕೊಂಡೆ.

ಮರುದಿನ ಕ್ಲಾಸಿಗೆ ಬಂದ ಒಬ್ಬಳ ಪಾದ ಕೊಯ್ದುಹೋಯಿತು. ಮ್ಯಾನೇಜರ್ ಹಸಿರು ಚೂರು ಹಿಡಿದು ಅಕ್ಕನ ಕೈ ನೋಡಿದ. ಪೂಲಿನ ಬೀಗದ ಕೀ ಇರುವುದು ನನ್ನ ಹತ್ತಿರ. ನಿನಗೇನಾದರೂ ಗೊತ್ತಾ ಎಂದು ನನ್ನತ್ತ ತಿರುಗಿದ.

“ತುಝೇ ಕುಛ್ ಮಾಲೂಮ್ ಹೈ?”

“ಕುಛ್ ನಹೀ, ಸಾಬ್.”

ಏನೂ ಇಲ್ಲ ಅಂದುಬಿಟ್ಟೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಕೀ ಕದ್ದು ತಾನೇ ಇಳಿದೆ ಎಂದು ಹರಕು ಹಿಂದಿಯಲ್ಲಿ ಹೇಳಿದಳು. ಅವತ್ತೇ ಕೆಲಸದಿಂದ ತೆಗೆದರು.

ಕಟ್ಟಡದ ಕೆಲಸಕ್ಕೆ ಹೋದಳು. ಎಂಟು ತಿಂಗಳ ಹೊಟ್ಟೆ, ತಲೆ ಮೇಲೆ ಟೈಲ್ಸ್, ಹತ್ತುವುದು ಇಳಿಯುವುದು. ಹದಿನೈದು ದಿನಕ್ಕೇ ನೋವು ಬಂತು. ಕೂಸು ಅಳಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಅವಳ ಕೈ ಬರಿದಾಗಿತ್ತು. ಹೆರಿಗೆ ಆಗಿತ್ತಲ್ಲ, ಬಳೆ ತೆಗೆದಿದ್ದಳು... ನಾನು ಬಾಯಿ ತೆರೆಯುವ ಮೊದಲು ಅವಳೇ ಕೇಳಿದಳು.

“ನಿನ್ನ ಕೆಲಸಾ ಉಳೀತಲ್ಲ, ತಮ್ಮಾ?”

ಅದೇ ತಿಂಗಳು ಗಂಡ ಹೆಂಡತಿ ಖೋಲಿ ಬಿಟ್ಟು ಹೋದರು. ಎಲ್ಲಿದ್ದಾಳೋ, ಹೇಗಿದ್ದಾಳೋ ಗೊತ್ತಿಲ್ಲ. ಊರಿನವರನ್ನು ಕೇಳಬಹುದು. ಕೇಳುವ ಮುಖ ನನಗಿಲ್ಲ.

ಮೊನ್ನೆ ನಾನು ಚೂರು ಹಿಡಿದು ಕೂತಿದ್ದನ್ನು ಮೇಲಿನಿಂದ ಅದೇ ಮ್ಯಾನೇಜರ್ ನೋಡಿ, ಜಾಲರಿಯಲ್ಲಿ ಏನಾದರೂ ಸಿಕ್ಕಿತಾ ಎಂದ.

“ಜಾಲಿ ಮೇಂ ಕುಛ್ ಮಿಲಾ ಕ್ಯಾ?”

ಮುಷ್ಟಿ ಬಿಗಿದೆ. ಚೂರು ಅಂಗೈಗೆ ಚುಚ್ಚಿತು.

“ಕುಛ್ ನಹೀ, ಸಾಬ್.”