ಬಯಕೆಯ ಕಡುಬು

ಮಕ್ಕಳೇ, ಸೌತೆಕಾಯಿ ತುರಿದು, ಅಕ್ಕಿತರಿಯನ್ನೂ ಬೆಲ್ಲವನ್ನೂ ಬೆರೆಸಿ, ಬಾಳೆಲೆಯಲ್ಲಿ ಮಡಿಸಿ ಬೇಯಿಸಿದ ಕಡುಬನ್ನು ಬಿಚ್ಚುವಾಗ ಹಬೆ ಏಳುತ್ತದಲ್ಲ, ಅದಕ್ಕೆ ಮುಖ ಒಡ್ಡಿ ಕೂರುವುದೆಂದರೆ ನಿಮಗೆ ಇಷ್ಟ. ಒಂದು ಕಾಲಕ್ಕೆ ನನಗೂ ಇಷ್ಟವಿತ್ತು. ಈಗ ನಾನೇಕೆ ಆ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತೇನೆಂದು ನೀವು ಕೇಳುತ್ತೀರಿ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇದಕ್ಕಾದರೂ ಒದಗಲಿ.

ಭತ್ತದ ತೆನೆ ಹಾಲುತುಂಬುವ ಹೊತ್ತಿಗೆ ಭೂಮಿ ಬಸುರಿ ಎಂದು ನಮ್ಮ ದೀವರ ಮನೆಗಳ ನಂಬಿಕೆ. ಬಸುರಿಯ ಬಯಕೆ ತೀರಿಸುವಂತೆ ಭೂಮಿ ಹುಣ್ಣಿಮೆಯ ದಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಬಡಿಸುತ್ತೇವೆ. ಕಾಗೆಗೂ ಇಲಿಗೂ ಪಾಲು ಕೊಟ್ಟ ಮೇಲೆಯೇ ನಮ್ಮ ಊಟ. ನಿಮ್ಮಜ್ಜ ಇದ್ದಷ್ಟು ಕಾಲ ಆ ಬುಟ್ಟಿಗೆ ಚಿತ್ತಾರ ಬರೆದವಳು ನಾನು. ಅವರು ಹೋದ ಮೇಲೆ ಯಾರೂ ಬೇಡ ಅನ್ನದಿದ್ದರೂ ನಾನೇ ಕೈ ಹಿಂದೆ ಕಟ್ಟಿಕೊಂಡೆ. ಹಾಗಿರುವಾಗ ನಮ್ಮೂರ ಶಾಲೆಯ ಟೀಚರು ಮನೆ ಬಾಗಿಲಿಗೆ ಬಂದರು.

"ಅಮ್ಮಾ, ನಮ್ಮ ಪುಸ್ತಕದಲ್ಲಿ ಇಲ್ಲದ್ದು ನಿಮ್ಮ ಹತ್ರ ಇದೆ. ಸಣ್ಣ ಮಕ್ಕಳಿಗೆ ಒಂದು ಗಂಟೆ ಹೇಳಿಕೊಡಿ. ನೀವು ಮಾತಾಡ್ದಿದ್ರೂ ಅಡ್ಡಿಲ್ಲ, ಕಡುಬು ಮಾತಾಡತ್ತೆ."

ಹಿಗ್ಗಿದೆನೋ ಹೆದರಿದೆನೋ ತಿಳಿಯದು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆದು, ಕಡುಬು ತುಂಬಿಕೊಂಡು ಹೋದೆ. ತರಗತಿಯಲ್ಲಿ ಮೊದಲು ದನಿಯೇ ಏಳಲಿಲ್ಲ. ಮಕ್ಕಳೇ ಎಬ್ಬಿಸಿದವು.

"ಅಜ್ಜಿ, ಭೂಮಿಗೆ ವಾಂತಿ ಆಗತ್ತಾ?"

"ನಮ್ಮನೆ ಇಲಿಗೂ ಕಡುಬು ಕೊಡ್ಬೇಕಾ? ಅದು ನನ್ನ ಚಡ್ಡೀನೇ ತಿಂದಾಕಿದೆ!"

ನಗುನಗುತ್ತಾ ಹೇಳಿದೆ: ಹಸಿವಾದರೂ ಕಾದೀತು, ಬಯಕೆ ಕಾಯುವುದಿಲ್ಲ, ಅದಕ್ಕೇ ಬಸುರಿಯ ಪಾಲು ಮೊದಲು. ಮುಂದೆಯೇ ಕೂತಿದ್ದ ಸುಮ ಎಂಬ ಎರಡನೇ ತರಗತಿಯ ಹುಡುಗಿ ಬಾಯಿ ತೆರೆದು ಕೇಳುತ್ತಿದ್ದಳು. ಆಮೇಲೆ ಒಬ್ಬೊಬ್ಬರಿಗೆ ಒಂದರಂತೆ ಕಡುಬು ಹಂಚಿದೆ.

"ಅಜ್ಜಿ, ಸುಮ ತಿಂದೇ ಇಲ್ಲ! ಬ್ಯಾಗಲ್ಲಿ ಅಡಗಿಸಿ ಇಟ್ಕಂಡಿದಾಳೆ!" ಎಂದು ಪಕ್ಕದ ಹುಡುಗಿ ಕೂಗಿದಳು.

ಟೀಚರು ನನ್ನನ್ನೇ ನೋಡುತ್ತಿದ್ದರು. ಎಂದೂ ಇಲ್ಲದ ಮರ್ಯಾದೆ ಸಿಕ್ಕಿದ್ದ ದಿನ; ನಾನು ಕಲಿಸಿದ ಪಾಠ ನನ್ನೆದುರೇ ಕೆಟ್ಟಿತೆಂದು ಅನ್ನಿಸಿತು. "ಕದ್ದಿಡೋದು ಒಳ್ಳೇ ಮಕ್ಕಳ ಲಕ್ಷಣ ಅಲ್ಲ ಕಣೇ" ಎಂದು ಅವಳ ಚೀಲಕ್ಕೆ ಕೈಹಾಕಿ, ಕಡುಬನ್ನು ತೆಗೆದು ಬುಟ್ಟಿಗೆ ಹಾಕಿಬಿಟ್ಟೆ. ತಿನ್ನಲೆಂದು ನಾನೇ ಕೊಟ್ಟದ್ದನ್ನು ಅವಳು ಕದ್ದದ್ದು ಹೇಗೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಸುಮ ಅಳಲಿಲ್ಲ. ಚೀಲದ ಜಿಪ್ಪನ್ನು ಎಳೆದುಕೊಂಡಳು, ಅಷ್ಟೇ. ಅನುಕೂಲಸ್ಥರ ಮನೆಯ ಮಗುವಾಗಿದ್ದರೆ ಹಾಗೆ ಅದರ ಚೀಲಕ್ಕೆ ಕೈಹಾಕುತ್ತಿದ್ದೆನೆ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ. ಅದಕ್ಕೇ ಅದನ್ನು ಕೇಳಿಕೊಳ್ಳಲು ಹೆದರುತ್ತೇನೆ.

ಶಾಲೆ ಬಿಟ್ಟಾಗ ಅವಳನ್ನು ಕರೆದೊಯ್ಯಲು ತಾಯಿ ಲಲಿತ ಗೇಟಿನ ಹತ್ತಿರ ನಿಂತಿದ್ದಳು. ಏಳು ತಿಂಗಳ ಬಸುರಿ.

ನಾನು ಹೇಳಿದ ಪಾಠವನ್ನು ಆ ಇಡೀ ತರಗತಿಯಲ್ಲಿ ಕಲಿತವಳು ಒಬ್ಬಳೇ. ಅವಳನ್ನೇ ಕಳ್ಳಿ ಮಾಡಿದ್ದೆ. ಆಗಲೇ ಕೂಗಿ ಕರೆದು ಬುಟ್ಟಿಯನ್ನೇ ಕೊಡಬಹುದಿತ್ತು. ಕಾಲು ಶಾಲೆಯ ಹಿಂದಿನ ದಾರಿ ಹಿಡಿಯಿತು.

ಮರುದಿನ ಹಾಲಿನ ಡೈರಿಯಲ್ಲಿ ಲಲಿತ ತಾನಾಗಿ ಮಾತಾಡಿಸಿದಳು. "ಅಮ್ಮಾ, ನಮ್ಮ ಸುಮಂದು ನಿನ್ನೆಯಿಂದ ನಿಮ್ಮ ಕಥೆನೇ. ಭೂಮಿಗೂ ಬಯಕೆ ಆಗತ್ತಂತೆ! ನಂಗೊಂದು ಕಡುಬು ತರ್ಬಾರ್ದಿತ್ತೇನೇ ಅಂದ್ರೆ, ಖಾಲಿ ಆಗೋಯ್ತು ಅಂದ್ಲು."

ಏಳು ವರ್ಷದ ಮಗು ನನ್ನ ಮಾನ ಕಾಯ್ದಿತ್ತು. ಈಗಲಾದರೂ ನಿಜ ಹೇಳಬೇಕಿದ್ದ ಮುದುಕಿ ಏನಂದಳು ಗೊತ್ತೆ? "ಹೌದು ಲಲಿತಾ, ಖಾಲಿ ಆಯ್ತು." ಬುಟ್ಟಿಯ ತಳದಲ್ಲಿ ಆ ಕಡುಬು ಆಗಲೂ ಇತ್ತು.

ನಾಚಿಕೆ ಎಂದು ಜೀವನವಿಡೀ ನಾನು ಹೊದ್ದುಕೊಂಡದ್ದರೊಳಗೆ ಎಷ್ಟು ಪಾಲು ಹೇಡಿತನವಿತ್ತೋ! ನಾಳೆ ಮಾಡಿಕೊಂಡು ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುವುದರೊಳಗೆ ಲಲಿತ ಮಗಳನ್ನೂ ಕರೆದುಕೊಂಡು ಬಾಣಂತನಕ್ಕೆ ತೀರ್ಥಹಳ್ಳಿ ಕಡೆಯ ತವರಿಗೆ ಹೋದಳು. ಅವರು ಮೂರು ತಿಂಗಳ ಕೂಸಿನೊಂದಿಗೆ ಮರಳಿದ ದಿನ, ತೂಗುಹಾಕಿಟ್ಟಿದ್ದ ಕೊನೆಯ ಸೌತೆಕಾಯಿಯನ್ನು ಇಳಿಸಿ ಕಡುಬು ಮಾಡಿ ಒಯ್ದೆ.

ಲಲಿತ ಬಚ್ಚಲಲ್ಲಿದ್ದಳು. ಸುಮ ತೊಟ್ಟಿಲು ತೂಗುತ್ತಿದ್ದಳು. "ಇದು ನಿನ್ನಮ್ಮಂಗೆ ಕಣೇ" ಎಂದು ಪಾತ್ರೆ ಚಾಚಿದೆ.

ಅವಳು ಮುಚ್ಚಳ ಸರಿಸಿ ನೋಡಿದಳು. "ಅಮ್ಮಂಗೆ ಪಥ್ಯ ಅಜ್ಜಿ. ಸೌತೆಕಾಯಿ ಥಂಡಿ, ಪಾಪುಗೆ ಆಗಲ್ಲ."

ನನ್ನ ಕೈ ಚಾಚಿದ ಹಾಗೇ ಇತ್ತು. ಬಯಕೆ ಕಾಯುವುದಿಲ್ಲ ಎಂದು ಪಾಠ ಹೇಳಿದವಳಿಗೆ ಬಾಣಂತಿಯ ಪಥ್ಯವೂ ಮರೆತಿತ್ತು. ಆಗ ಅದೆಲ್ಲಿಂದಲೋ ದನಿ ಬಂತು. ನಾನು ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ. "ಸುಮಾ, ನೀನು ಕದ್ದಿರ್ಲಿಲ್ಲ. ತಪ್ಪು ನಂದು. ನಾಳೆ ಶಾಲೆಗೆ ಬಂದು ಎಲ್ಲರೆದುರೂ ಹೇಳ್ತೀನಿ" ಎಂದೆ.

ಅವಳು ತೊಟ್ಟಿಲ ಹಗ್ಗ ಬಿಡದೆ ಬೆರಳನ್ನು ತುಟಿಯ ಮೇಲಿಟ್ಟಳು.

"ಮೆಲ್ಲಗೆ ಅಜ್ಜಿ, ತಮ್ಮ ಎದ್ದುಬಿಡ್ತಾನೆ."