ಮಂಗಲಬಾಯಿಯವರ ಬಾಯಲ್ಲಿ ಬಾರದ ಇಡಿಯಂ

ಬೋರಗಾಂವದ ಕಿರಾಣಿ ವ್ಯಾಪಾರಿ ಜಯಪಾಲರ ಹೆಂಡತಿ ಮಂಗಲಬಾಯಿ ಸಾಂಗಲಿಯಲ್ಲಿ ಬಿ.ಎ. ಓದಿ ಬಂದವರು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಪಾಸಾದ ಹುಡುಗಿಯರಿಗೆ ಮಧ್ಯಾಹ್ನ ಪುಕ್ಕಟೆ ಪಾಠ ಹೇಳುತ್ತಿದ್ದರು. ೧೯೮೮ರಲ್ಲಿ ನಾನೂ ಅವರ ಪಡಸಾಲೆಯಲ್ಲಿ ಹೋಗಿ ಕುಳಿತೆ. ನನ್ನಪ್ಪ ನಾಮದೇವ ಪವರ್‌ಲೂಮಿನಲ್ಲಿ ಕೂಲಿ. ಅಕ್ಟೋಬರ್ ಪರೀಕ್ಷೆಯಲ್ಲೂ ಡುಮ್ಕಿ ಹೊಡೆದರೆ ಲಗ್ನ ಮಾಡಿಬಿಡುತ್ತೇನೆಂದು ಹೇಳಿದ್ದ. ಗಂಡೂ ಗೊತ್ತಾಗಿತ್ತು, ನನ್ನ ಹಣೆಬರಹ!

ಬಾಯಿಯವರು ಇಡಿಯಂ, ಅಂದರೆ ಇಂಗ್ಲಿಷ್ ನುಡಿಗಟ್ಟು ಕಲಿಸುವ ರೀತಿಯೇ ಬೇರೆ. ‘ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್’ ಅಂದರೆ ಗುಟ್ಟು ಬಿಟ್ಟುಕೊಡುವುದು. ಅದಕ್ಕೆ, ತಾವು ಅತ್ತೆಗೆ ತಿಳಿಯದಂತೆ ನಿಪ್ಪಾಣಿಗೆ ಹೋಗಿ ಸಿನೆಮಾ ನೋಡಿದ್ದನ್ನು ಗಂಡ ಊಟಕ್ಕೆ ಕೂತಾಗ ಒದರಿಬಿಟ್ಟ ಕತೆ. ‘ಕೋಲ್ಡ್ ಫೀಟ್’ ಅಂದರೆ ಕೊನೇ ಗಳಿಗೆಯಲ್ಲಿ ಧೈರ್ಯ ಕುಸಿಯುವುದು. “ನಿನ್ನ ಮಾರಿ ನೋಡಿದ್ರನ ತಿಳೀತೈತಿ ಬಿಡ ಅಕ್ಕುತಾಯಿ” ಎಂದು ನನ್ನನ್ನೇ ಕೆಣಕುತ್ತಿದ್ದರು. ನಕ್ಕೂ ನಕ್ಕೂ ಸಾಕಾಗುತ್ತಿತ್ತು.

ಆದರೆ ‘ಕಿಲ್ ಟೂ ಬರ್ಡ್ಸ್ ವಿತ್ ಒನ್ ಸ್ಟೋನ್’ ಬಂದದ್ದೇ ತಡ, ಪುಸ್ತಕ ಮುಚ್ಚಿದರು.

“ಒಂದ ಕಲ್ಲಿಗೆ ಎರಡು ಹಕ್ಕಿ ಕೊಲ್ಲೂದಂತ! ಛೀ, ಜೈನರ ಬಾಯಾಗ ಇಂಥಾದ್ದು ಬರಬಾರದು. ಮುಂದಿಂದು ನೋಡ್ರಿ.”

ನನಗೆ ತಲೆ ಕೆಟ್ಟಿತು. “ಬಾಯಾರ, ಹಿಂದಿನ ಪೇಪರಿನ್ಯಾಗ ಇದನ್ನ ಕೇಳ್ಯಾರ. ನಿಮಗ ಹಕ್ಕಿ ಮ್ಯಾಲ ಕರುಣಾ ಐತಿ, ನನ್ನ ಮ್ಯಾಲ ಇಲ್ಲೇನ್ರಿ?” ಎಂದು ಕೂಗಾಡಿ ಎದ್ದು ಬಂದೆ. ಇವತ್ತಿಗೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು.

ಮರುದಿನ ಅವರೇ ನಮ್ಮ ಓಣಿಗೆ ಬಂದರು. ಚಾಪೆಯ ಮೇಲೆ ಕುಳಿತು ಆ ಇಡಿಯಮ್ಮನ್ನು ಬಾಯಿಬಿಟ್ಟು ಹೇಳಿದರು. “ಒಮ್ಮೆ ಮಾಡಿದ್ದರಾಗ ಎರಡು ಕೆಲಸ ಆಗೂದು ಅಂತ ಅರ್ಥ. ಬರಕೋ” ಎಂದು ನನ್ನಿಂದ ವಾಕ್ಯವನ್ನೂ ಮಾಡಿಸಿದರು.

ಅವ್ವ ತುಳಸವ್ವ ಚಹಾ ತಂದಳು. ಬಾಯಿಯವರು ಬೇಡವೆಂದಾಗ ಅವಳ ಮುಖ ಸಣ್ಣದಾಯಿತು. ನಮ್ಮಂಥವರ ಮನೆಯದು ಇವರಿಗೆ ಸೇರುವುದಿಲ್ಲವೇನೋ ಅಂದುಕೊಂಡಳು.

“ಹಂಗಲ್ಲ ತುಳಸವ್ವ, ಇವತ್ತ ಉಪವಾಸ ಐತಿ.”

“ಯಾವ ಉಪವಾಸ ಬಾಯಾರ?”

“ಈಗ ಆಡಿದ್ನಲ್ಲಾ, ಆ ಮಾತಿನ ಪ್ರಾಯಶ್ಚಿತ್ತದ್ದು. ಚಹಾ ನಾಳಿಗಿ ಬಂದು ಕುಡೀತೀನಿ.”

ಹೇಳಿದಂತೆಯೇ ಬಂದು ಕುಡಿದು ಹೋದರು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ನಾನು ಪಾಸಾದೆ! ಅಪ್ಪ ಗಂಡಿನವರ ಮನೆಗೆ ಹೋಗಿ, “ಹುಡುಗಿ ಚಿಕ್ಕೋಡಿ ಕಾಲೇಜಿಗಿ ಹೊಂಟಾಳ್ರಿ” ಎಂದು ಹೇಳಿ ಬಂದ. ನಾನು ಓಡುತ್ತಾ ಹೋಗಿ ಬಾಯಿಯವರಿಗೆ ಸುದ್ದಿ ಮುಟ್ಟಿಸಿದೆ.

“ಪೇಪರಿನ್ಯಾಗ ಅದು ಬಂದಿತ್ತೇನ?” ಎಂದು ಕೇಳಿದರು.

“ಇಲ್ರಿ, ಬರಲೇ ಇಲ್ಲ.”

ಅವರ ಉಪವಾಸ ದಂಡವಾಯಿತಲ್ಲ ಎಂದು ನಾನು ಪೇಚಾಡುತ್ತಿದ್ದರೆ, ಅವರು ನನ್ನ ಗಲ್ಲ ಹಿಡಿದು ನಕ್ಕರು. “ಭಾಳ ಚಲೋ ಆತು ಬಿಡ. ಹಕ್ಕೀನೂ ಉಳದ್ವು, ನೀನೂ ಉಳದಿ.”